ಎಡಗಡೆಯ ರಾಡು

ಬಂಗಾರಪೇಟೆಯಲ್ಲಿ ನನ್ನ ಸ್ಕೂಟರ್ ರಿಪೇರಿ ಮಾಡುವ ಮೆಕ್ಯಾನಿಕ್ ಒಂದು ಭಾನುವಾರ ಶೆಡ್ಡಿನ ಮೂಲೆಯಲ್ಲಿದ್ದ ಟಾರ್ಪಾಲನ್ನು ಎಳೆದು, ಇದು ನಿಮ್ಮಂಥವರು ತಗೊಳ್ಳಬೇಕಾದ ಗಾಡಿ ಎಂದ. ನನ್ನಂಥವರು ಎಂದರೆ ಯಾರು ಎಂದು ಕೇಳಿದೆ. ಐವತ್ತು ದಾಟಿದವರು, ಹೇಳುವವರು ಕೇಳುವವರು ಇಲ್ಲದವರು ಎಂದು ನಕ್ಕ. ನನ್ನ ಹೆಂಡತಿ ಅಲ್ಲಿದ್ದಿದ್ದರೆ ಅವನಿಗೆ ತಕ್ಕ ಉತ್ತರ ಸಿಗುತ್ತಿತ್ತು.

ಅದು ಮೈಸೂರಿನಲ್ಲಿ ತಯಾರಾಗುತ್ತಿದ್ದ, ಎರಡು ಸೈಲೆನ್ಸರಿನ ಹಳೆಯ ಮೋಟಾರ್ ಸೈಕಲ್. ಮೂಲದ ಕೆಂಪು ಬಣ್ಣದ ಮೇಲೆ ಯಾರೋ ಮಂಕು ಕಪ್ಪು ಬಳಿದಿದ್ದರು. ಹ್ಯಾಂಡಲ್ ತೆಗೆದು ಎಮ್ಮೆಯ ಕೊಂಬಿನಂಥದ್ದನ್ನು ಕೂರಿಸಿದ್ದರು. ಸೈಲೆನ್ಸರುಗಳನ್ನು ಅರ್ಧಕ್ಕೆ ಕತ್ತರಿಸಿದ್ದರು. ಹೆಡ್‌ಲೈಟ್ ಬೇರೆ ಯಾವುದೋ ಗಾಡಿಯದು. ಇಷ್ಟೆಲ್ಲ ಮಾಡಿದವರು ಒಂದು ಕಡೆ ಮಾತ್ರ ಕೈ ಇಟ್ಟಿರಲಿಲ್ಲ. ಹಿಂದೆ ಕೂರುವವರು ಕಾಲಿಡುವ ಜಾಗದಿಂದ ಒಂದು ಕಬ್ಬಿಣದ ರಾಡು ಹೊರಟು, ಹೊರಕ್ಕೆ ಬಾಗಿ, ಮುಂದಕ್ಕೆ ಚಾಚಿಕೊಂಡಿತ್ತು. ಅದರ ತುದಿಯಲ್ಲಿ ಉದ್ದಕ್ಕೆ ಸೀಳಿದ ಪೈಪಿನ ತುಂಡು, ಸಣ್ಣ ತೊಟ್ಟಿಲಿನಂತೆ. ತೊಟ್ಟಿಲೊಳಗೆ ಒಣಗಿ ಬಿರುಕುಬಿಟ್ಟ ರಬ್ಬರ್ ಬೆಲ್ಟಿನ ಹಾಸು.

"ಆಲಿನ ಕ್ಯಾನ್ ಕಟ್ಟಕ್ಕೆ ಮಾಡ್ಸಿರ್ಬೇಕು ಸಾರ್," ಎಂದ ಮೆಕ್ಯಾನಿಕ್. "ತಗೊಳಂಗಿದ್ರೆ ಯೋಳಿ, ಐದ್ ನಿಮ್ಷದಲ್ಲಿ ಕಟ್ ಮಾಡಿ ಬಿಸಾಕ್ತೀನಿ."

ಅದು ಹಾಲಿನ ಕ್ಯಾನಿಗೆ ಮಾಡಿಸಿದ್ದಲ್ಲ ಎಂದು ನನಗೆ ಗೊತ್ತಿತ್ತು. ಅದು ನಮ್ಮಪ್ಪನ ಕಾಲಿಡುವುದಕ್ಕೆ ಮಾಡಿದ್ದು.

ಅಪ್ಪ ಬೂದಿಕೋಟೆ ಕಡೆಯ ನಮ್ಮ ಹಳ್ಳಿಯಿಂದ ದಿನಾ ಕೋಲಾರದ ಚಿನ್ನದ ಗಣಿಗಳಲ್ಲೊಂದಾದ ನಂದಿದುರ್ಗದ ಗಣಿಗೆ ಕೂಲಿಗೆ ಹೋಗುತ್ತಿದ್ದರು. ಭೂಮಿಯೊಳಕ್ಕಲ್ಲ, ಮೇಲಿನ ವರ್ಕ್‌ಶಾಪಿಗೆ. ಅಲ್ಲಿ ಒಬ್ಬ ಫಿಟ್ಟರಿಗೆ ಕೈಯಾಳಾಗಿದ್ದರು. ನಾನು ಬಂಗಾರಪೇಟೆಯಲ್ಲಿ ಕಾಲೇಜು ಸೇರಿದ ವರ್ಷ ಅದಿರಿನ ಟ್ರಾಲಿಯೊಂದು ಬಡಿದು ಅಪ್ಪನ ಮಂಡಿ ಒಡೆಯಿತು. ಕಟ್ಟು ಬಿಚ್ಚಿದಾಗ ಕಾಲು ಕೋಲಿನಂತೆ ನೆಟ್ಟಗೆ ನಿಂತುಬಿಟ್ಟಿತ್ತು, ಮಡಿಸಲು ಬರಲಿಲ್ಲ. ಹಳ್ಳಿಯ ಬಸ್ಸಿನ ಡ್ರೈವರ್ ಇಂಜಿನ್ ಪೆಟ್ಟಿಗೆಯ ಪಕ್ಕದಲ್ಲಿ ಅಪ್ಪನಿಗೆ ಕಾಲು ಚಾಚುವಷ್ಟು ಜಾಗ ಬಿಡಿಸಿಕೊಡುತ್ತಿದ್ದ. ಆದರೆ ಬಂಗಾರಪೇಟೆಯಿಂದ ಗಣಿಗೆ ಹೋಗುವ ಬಸ್ಸಿನಲ್ಲಿ ನಿಲ್ಲಲೂ ಜಾಗವಿರುತ್ತಿರಲಿಲ್ಲ.

ಫಿಟ್ಟರು ನಂದಿದುರ್ಗದ ಲೈನಿನಲ್ಲಿ, ಗಣಿ ಕಾರ್ಮಿಕರ ಸಾಲುಮನೆಯಲ್ಲಿದ್ದ ತಮಿಳರು. ಅಪ್ಪ ಕೆಲಸಕ್ಕೆ ವಾಪಸು ಬಂದ ವಾರವೇ ತಮ್ಮ ಮೋಟಾರ್ ಸೈಕಲ್ಲಿಗೆ ಈ ರಾಡು ಬೆಸೆದರು. ಬಂಡೆ ಕೊರೆಯುವ ಆರು ಮೂಲೆಯ ಹಳೆಯ ಉಕ್ಕಿನ ಕಡ್ಡಿ, ಗಾಳಿ ಪೈಪಿನ ತುಂಡು, ಯಂತ್ರದ ಸವೆದ ಬೆಲ್ಟು. ಗಣಿಯವರ ಮನೆಗಳಲ್ಲಿ ಬಾಗಿಲ ಚಿಲಕದಿಂದ ಒಲೆಯ ಕಾಲಿನವರೆಗೆ ಎಲ್ಲವೂ ಗಣಿಯ ಗುಜರಿಯಿಂದಲೇ ಹುಟ್ಟುತ್ತಿದ್ದವು. ಮಾಡಿದ್ದರ ಮೇಲೆ ಒಬ್ಬೊಬ್ಬ ಫಿಟ್ಟರು ತನ್ನದೊಂದು ಗುರುತು ಹಾಕುತ್ತಿದ್ದ. ಇವರದು ಪಂಚಿನಿಂದ ಹೊಡೆದ ಮೂರು ಚುಕ್ಕಿ. ಅಂದಿನಿಂದ ಅವರು ದಿನಾ ಬೆಳಿಗ್ಗೆ ಬಂಗಾರಪೇಟೆ ಬಸ್ ಸ್ಟ್ಯಾಂಡಿಗೆ ಬಂದು ಅಪ್ಪನನ್ನು ಹಿಂದೆ ಕೂರಿಸಿಕೊಂಡು, ಆ ಉದ್ದನೆಯ ಕಾಲನ್ನು ತೊಟ್ಟಿಲಲ್ಲಿಟ್ಟು, ಗಣಿಗೆ ಕರೆದೊಯ್ಯುತ್ತಿದ್ದರು. ಸಂಜೆ ತಂದು ಬಿಡುತ್ತಿದ್ದರು.

ಮೆಕ್ಯಾನಿಕ್ ಇನ್ನೊಂದು ಗಾಡಿಯ ಕಡೆ ಹೋದಾಗ ನಾನು ಬಗ್ಗಿ ತೊಟ್ಟಿಲಿನ ಕೆಳಗೆ ಬೆರಳಾಡಿಸಿದೆ. ಮೂರು ಚುಕ್ಕಿ ಸಿಕ್ಕವು.

ಆಗ ನನಗೆ ಆದ ಸಂತೋಷವನ್ನು ಈಗ ನೆನೆದರೆ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ. ಏಕೆಂದರೆ ಈ ಗಾಡಿಯ ಬಗ್ಗೆ ನನ್ನಲ್ಲಿ ಒಂದು ಕಥೆ ಇತ್ತು. ಫಿಟ್ಟರು ಒಮ್ಮೆ ಹೆಂಡತಿಯನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಗಿ ಬಂತು. ಎರಡು ದಿನ ಅವರ ಬದಲು ನಾನೇ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಗಣಿಗೆ ಬಿಟ್ಟು ಬಂದೆ. ನನ್ನ ಬಲಮಂಡಿಯ ಪಕ್ಕದಲ್ಲಿ ಅಪ್ಪನ ಹಿಮ್ಮಡಿ. ಹೆಗಲ ಮೇಲೆ ಅವರ ಕೈ. ಆ ಕೈಯ ಗ್ರೀಸಿನ ವಾಸನೆ. ಕಾಲೇಜಿನ ಗೇಟಿನ ಮುಂದೆ ಬೇಕೆಂದೇ ಹಾರ್ನ್ ಹೊಡೆದೆ. ಇದನ್ನು ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಹೇಳಿದ್ದೆ. ಅಪ್ಪನ ಹನ್ನೊಂದನೆಯ ದಿನದ ಊಟದಲ್ಲಿ ನೆಂಟರ ಮುಂದೆ ಹೇಳಿದ್ದೆ. ಮಕ್ಕಳಿಗೆ ನನ್ನ ಹಳೆಯ ಸ್ಕೂಟರಿನ ಬಗ್ಗೆ ನಾಚಿಕೆಯಾದಾಗ ಬುದ್ಧಿ ಹೇಳಲು ಹೇಳಿದ್ದೆ. ನಾನು ಕೋಲಾರದ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ತನ್ನ ಸಾಕ್ಷ್ಯದಲ್ಲಿ ತಾನೇ ನಾಯಕನಾಗಿರುವವನನ್ನು ನಂಬಬೇಡಿ ಎಂಬುದು ಪ್ರತಿ ವರ್ಷ ನನ್ನ ಮೊದಲನೆಯ ಪಾಠ. ಅದೇ ತರಗತಿಯಲ್ಲಿ, ವಾಸನೆ ಮತ್ತು ಸ್ಪರ್ಶ ಸೇರಿದ ನೆನಪು ಹೆಚ್ಚು ಗಟ್ಟಿ ಎನ್ನುವುದಕ್ಕೆ ಉದಾಹರಣೆಯಾಗಿ ಈ ಕಥೆಯನ್ನೂ ಹೇಳಿದ್ದೇನೆ.

ಗಾಡಿ ಕೊಳ್ಳುವುದೆಂದು ಅಲ್ಲೇ ಮುಕ್ಕಾಲು ಪಾಲು ತೀರ್ಮಾನಿಸಿಬಿಟ್ಟಿದ್ದೆ. ಎದ್ದು ನಿಂತು ಇನ್ನೊಮ್ಮೆ ನೋಡಿದಾಗ ಮಾತ್ರ ಏನೋ ಸರಿಯಿಲ್ಲ ಎನಿಸಿತು. ರಾಡು ಎಡಗಡೆ ಇತ್ತು.

ಒಂದು ವಾರ ಅದೇ ಗುಂಗು. ಹಾಜರಿ ಹಾಳೆಯ ಹಿಂದೆ ಗಾಡಿಯ ಚಿತ್ರ ಬರೆದು ನೋಡಿದೆ. ಆ ಗಾಡಿಗೆ ಗೇರಿಗೂ ಕಿಕ್ಕಿಗೂ ಇರುವುದು ಒಂದೇ ಲಿವರು, ಅದು ಎಡಗಡೆ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಅದಕ್ಕೆ ಅಡ್ಡವಾಗುವಂತೆ ಯಾವ ಬುದ್ಧಿಯಿರುವ ಫಿಟ್ಟರು ರಾಡು ಬೆಸೆಯುತ್ತಾನೆ? ಬಲಗಡೆ ಬ್ರೇಕ್ ಪೆಡಲ್ ಬಿಟ್ಟರೆ ಏನೂ ಇಲ್ಲ. ಆದ್ದರಿಂದ ರಾಡು ಮೊದಲು ಬಲಗಡೆಯೇ ಇದ್ದಿರಬೇಕು, ಆಮೇಲೆ ಯಾರೋ ಕಿತ್ತು ಈ ಕಡೆ ಹಾಕಿದ್ದಾರೆ. ಗಾಡಿಯ ಮೇಲೆ ಅನುಮಾನ, ಬೆಸುಗೆಯ ಮೇಲೆ ಅನುಮಾನ, ನಡುವೆ ಬಂದ ಮಾಲೀಕರ ಮೇಲೆ ಅನುಮಾನ. ನನ್ನ ಮೇಲೆ ಮಾತ್ರ ಬರಲಿಲ್ಲ.

ಎರಡನೆಯ ಭಾನುವಾರ ಮೆಕ್ಯಾನಿಕ್ ಅವಸರ ಮಾಡಿದ. ಬೆಂಗಳೂರಿನ ಹೋಟೆಲಿನವರೊಬ್ಬರು ಈ ಗಾಡಿಯನ್ನು ಗೋಡೆಗೆ ನೇತುಹಾಕಲು ಕೇಳುತ್ತಿದ್ದಾರೆ, ರಾಡು ತೆಗೆದು ಕೊಡಬೇಕಂತೆ, ಆದರೆ ಗಾಡಿಯ ಯಜಮಾನಿ ಯಾಕೋ ಹೂಂ ಎನ್ನುತ್ತಿಲ್ಲ ಎಂದ. ಯಜಮಾನಿ ಯಾರೆಂದರೆ ಆ ಫಿಟ್ಟರ ಮಗಳೇ. ನಂದಿದುರ್ಗದಲ್ಲಿ ಅದೇ ಲೈನಿನಲ್ಲಿದ್ದಾರೆ, ನೀವೇ ಹೋಗಿ ಮಾತಾಡಿ ಎಂದ.

ಅಂದೇ ಹೋದೆ. ಗಣಿ ಮುಚ್ಚಿದರೂ ಲೈನುಗಳು ಹಾಗೆಯೇ ಇವೆ. ಒಂದಕ್ಕೊಂದು ಬೆನ್ನು ಕೊಟ್ಟ ಸಣ್ಣ ಮನೆಗಳು, ಮುಂದೆ ಮೊಣಕಾಲೆತ್ತರದ ಕಟ್ಟೆ. ಆಕೆ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ವಾರವೆಲ್ಲ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೊಲಿಗೆ ಕೆಲಸಕ್ಕೆ ಹೋಗುವವರಿಗೆ ಭಾನುವಾರ ಒಂದೇ ಬಿಡುವು. ನನಗಿಂತ ಮೂರು ನಾಲ್ಕು ವರ್ಷ ಚಿಕ್ಕವರು. ಹೇಳುವ ಮೊದಲೇ ಗುರುತು ಹಿಡಿದು, ಬೂದಿಕೋಟೆ ಮಾಮನ ಮಗ ಅಲ್ಲವೇ ಎಂದರು. ಗಾಡಿಯನ್ನು ಹೀಗೆಲ್ಲ ಮಾಡಿಸಿದ್ದು ತನ್ನ ಗಂಡ. ಈಗ ಅವರಿಗೆ ಕಣ್ಣು ಸರಿಯಿಲ್ಲ, ಓಡಿಸುವವರಿಲ್ಲ, ಅದಕ್ಕೇ ಮಾರುವುದು. ಬೂದಿಕೋಟೆ ಕಡೆಯ ಮೇಷ್ಟ್ರು ನೋಡಲು ಬಂದಿದ್ದಾರೆ ಎಂದು ಮೆಕ್ಯಾನಿಕ್ ಹೇಳಿದಾಗಿನಿಂದ ಹೋಟೆಲಿನವರಿಗೆ ಉತ್ತರ ಕೊಡದೆ ಕಾಯುತ್ತಿದ್ದೇನೆ ಎಂದರು.

ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಹೋಟೆಲಿನವರಿಗಿಂತ ನನ್ನ ಹಕ್ಕು ದೊಡ್ಡದೆಂದು ತೋರಿಸಬೇಕಿತ್ತು. ಆದ್ದರಿಂದ ಕಥೆ ಹೇಳಿದೆ. ಎರಡು ದಿನ ಅಪ್ಪನನ್ನು ಕೂರಿಸಿಕೊಂಡು ಹೋದದ್ದು, ಹಿಮ್ಮಡಿ, ಹೆಗಲ ಮೇಲಿನ ಕೈ, ಹಾರ್ನು. ಆಕೆ ತಲೆ ತಗ್ಗಿಸಿ ಕಾಯಿ ಸುಲಿಯುತ್ತಲೇ ಇದ್ದರು. ಒಂದು ಸಲ ಮಾತ್ರ ಕೈ ನಿಂತಿತು, ಮತ್ತೆ ಆಡತೊಡಗಿತು.

ಅದಾದ ಮೇಲೆ ರಾಡಿನ ವಿಚಾರ ತೆಗೆದೆ. ಮೊದಲು ಬಲಗಡೆ ಇತ್ತಲ್ಲ, ಎಡಗಡೆಗೆ ಯಾವಾಗ ಹಾಕಿಸಿದಿರಿ ಎಂದೆ.

"ಯಾರೂ ಮುಟ್ಟಿಲ್ಲಣ್ಣ. ನಮ್ಮನೆಯವ್ರು ಗಾಡಿನೆಲ್ಲ ಬಿಚ್ಚಾಕಿದ್ರು, ಅದೊಂದನ್ನ ನಾನು ಮುಟ್ಟಕ್ಕೆ ಬಿಡ್ಲಿಲ್ಲ."

ನಾನು ಬಿಡಲಿಲ್ಲ. ಬಾಯಿ ಪರೀಕ್ಷೆಯಲ್ಲಿ ಹುಡುಗರನ್ನು ಹಿಡಿಯುವಂತೆ ಹಿಡಿದೆ. ಕಿಕ್ಕರ್ ಇರುವ ಕಡೆಗೇ ರಾಡು ಹಾಕುವುದುಂಟೇ, ನಿಮ್ಮ ತಂದೆಯಂಥ ಕೆಲಸಗಾರ ಹಾಗೆ ಮಾಡುತ್ತಿದ್ದರೇ, ನೀವು ಆಗ ಚಿಕ್ಕವರು, ಮರೆತಿರಬಹುದು, ಅಥವಾ ನಿಮ್ಮ ಯಜಮಾನರು ನಿಮಗೆ ಹೇಳದೆ ಬದಲಾಯಿಸಿರಬಹುದು ಎಂದೆಲ್ಲ ಹೇಳಿದೆ. ಒಳಗೆ ಮಂಚದ ಮೇಲಿದ್ದ ಅವರ ಗಂಡ ಕೆಮ್ಮಿದ್ದು ಕೇಳಿಸಿತು.

"ಗಾಡಿ ನೋಡ್ಕೊಂಡು ಕಾಲು ಬದಲಾಗ್ತದಾ ಅಣ್ಣ?" ಎಂದರು ಆಕೆ. "ಮಾಮಂದು ಯಾವ ಕಾಲು?"

"ಬಲಗಾಲು," ಎಂದೆ.

ಆಕೆ ನನ್ನ ಮುಖವನ್ನೇ ನೋಡಿದರು. ಅಂಗಿಯ ಗುಂಡಿ ಹಾಕಿಕೊಳ್ಳಲು ಮರೆತವರಿಗೆ ಹೇಳುವಷ್ಟು ಮೆಲ್ಲಗೆ, "ಎಡಗಾಲು," ಎಂದರು. "ಇಲ್ಲೇ ಕೂರೋರು, ನೀವ್ ಕೂತಿರೋ ಜಾಗದಲ್ಲೇ. ಓಡಾಡೋ ಮಕ್ಳು ಎಡವಿ ಬಿದ್ದಾವು ಅಂತ ಕಾಲನ್ನ ಈ ಗೋಡೆ ಪಕ್ಕಕ್ಕೆ ಚಾಚ್ಕೊಳೋರು."

ಗೋಡೆ ನನ್ನ ಎಡಕ್ಕಿತ್ತು.

ನಮ್ಮ ಮನೆಯಲ್ಲಿರುವ ಅಪ್ಪನ ಒಂದೇ ಫೋಟೋ ಎದೆಯವರೆಗಿನದು. ಕಾಲಿಗೆ ಉಪ್ಪಿನ ಶಾಖ ಕೊಡುತ್ತಿದ್ದದ್ದು ಅಮ್ಮ, ಆಗ ನಾನು ಪುಸ್ತಕ ಹಿಡಿದು ಇನ್ನೊಂದು ಕೋಣೆಯಲ್ಲಿರುತ್ತಿದ್ದೆ. ಆಮೇಲೆ ಮೈಸೂರಿನ ಹಾಸ್ಟೆಲ್ಲು, ವಿಶ್ವವಿದ್ಯಾಲಯ. ಎಷ್ಟು ಯೋಚಿಸಿದರೂ, ಅಪ್ಪನ ಕುಂಟು ಕಾಲು ಯಾವುದೆಂದು ನನ್ನದೇ ಆದ ಒಂದು ಪುರಾವೆ ಸಿಗಲಿಲ್ಲ.

ಆಕೆ ಅವರೆಕಾಯಿಯ ಮೊರವನ್ನು ಪಕ್ಕಕ್ಕಿಟ್ಟರು. ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಎಂದು ಶುರು ಮಾಡಿ, ಆ ಎರಡು ದಿನದ ಸಂಗತಿಯನ್ನು ಹೇಳಿದರು. ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗುವಾಗ ಅವರ ತಂದೆ ಗಾಡಿಯನ್ನು ಬಂಗಾರಪೇಟೆ ಸ್ಟೇಷನ್ನಿನ ಸ್ಟ್ಯಾಂಡಿನಲ್ಲಿ ಬಿಟ್ಟಿದ್ದರು. ರೈಲಿಗೆ ಇನ್ನೂ ಹೊತ್ತಿತ್ತು. ಕಾಲೇಜಿಗೆ ಹೋಗಿ ಬೂದಿಕೋಟೆ ಮಾಮನ ಮಗನಿಗೆ ಬೀಗದ ಕೈ ಕೊಟ್ಟು ಬಾ, ಎರಡು ದಿನ ಅಪ್ಪನನ್ನು ಕರೆದುಕೊಂಡು ಹೋಗುತ್ತಾನೆ ಎಂದು ಮಗಳನ್ನು ಕಳಿಸಿದರು. ಕಾಲೇಜಿನ ಗೇಟಿನ ಹತ್ತಿರ ನಾನು ಗೆಳೆಯರ ಜೊತೆ ನಿಂತಿದ್ದೆನಂತೆ. ಆಕೆ ಎಲ್ಲರ ಮುಂದೆಯೇ ಬೀಗದ ಕೈ ಚಾಚಿ ವಿಷಯ ಹೇಳಿದರಂತೆ.

"ನಂಗೆ ಗಾಡಿ ಓಡ್ಸಕ್ಕೆ ಬರಲ್ಲ ಅಂದ್ರಿ," ಎಂದರು. "ನಾನು ವಾಪಸ್ ಓಗಿ ನೈನಾಗೆ, ನಮ್ಮಪ್ಪಂಗೆ, ಯೋಳ್ದೆ. ನೈನಾ ನಕ್ಬಿಟ್ರು. ಗಣಿ ಮಣ್ಣಿನ ಸೈನೈಡ್ ಗುಡ್ಡದ ಕೆಳ್ಗೆ ನಾನೇ ಅವ್ನಿಗೆ ಗಾಡಿ ಕಲ್ಸಿದ್ದೀನಿ, ಮರ್ತೋಗಿರ್ತಾನೆ ಬಿಡು, ಓದೋ ಹುಡ್ಗ ಅಂದ್ರು."

ಆ ಎರಡು ದಿನ ಅಪ್ಪ ಗಣಿಯ ಬಸ್ಸಿನಲ್ಲಿ ಹೋದರು. ಎರಡನೆಯ ದಿನ ನೂಕುನುಗ್ಗಲಿನಲ್ಲಿ ಯಾರೋ ಕಾಲಿನ ಮೇಲೆ ಬಿದ್ದು ಮಂಡಿ ಊದಿಕೊಂಡು ಒಂದು ವಾರ ಮನೆಯಲ್ಲಿ ಮಲಗಿದ್ದರು. ಆ ವಾರ ನನಗೆ ನೆನಪಿದೆ. ಅದಕ್ಕೆ ಕಾರಣ ನನಗೆ ತಿಳಿದಿತ್ತೋ ಇಲ್ಲವೋ, ಅದು ನೆನಪಿಲ್ಲ.

ಬಂಗಾರಪೇಟೆಗೆ ವಾಪಸು ಬರುವ ಬಸ್ಸಿನಲ್ಲಿ ಕೂತು ನನ್ನನ್ನೇ ಪಾಟೀಸವಾಲಿಗೆ ಎಳೆದೆ. ಬೀಗದ ಕೈಗೆ ಒಂದು ಹಿತ್ತಾಳೆಯ ವಾಷರನ್ನು ಕೆಂಪು ದಾರದಲ್ಲಿ ಕಟ್ಟಿತ್ತು. ಚಾಚಿದ ಅಂಗೈಯಲ್ಲಿ ಅದು ಇದ್ದದ್ದು ಕಣ್ಣಿಗೆ ಬಂತು. ಆದರೆ ಅದು ನಿಜವಾದ ನೆನಪೋ, ಆಕೆ ಹೇಳಿದ್ದನ್ನು ಕೇಳಿ ಈಗ ತಾನೇ ಕಟ್ಟಿಕೊಂಡದ್ದೋ? ನನ್ನ ಹಳೆಯ ಕಥೆಯಲ್ಲೂ ಗ್ರೀಸಿನ ವಾಸನೆ ಇಷ್ಟೇ ಸ್ಪಷ್ಟವಾಗಿತ್ತು. ವಾಷರನ್ನು ನಂಬದೆ ಇರಬಹುದು. ಕಿವಿಯವರೆಗೆ ಏರಿದ ಬಿಸಿಯನ್ನು ಮಾತ್ರ ಅನುಮಾನಿಸಲು ಆಗಲಿಲ್ಲ.

ಬಲಗಾಲು ಎಂಬುದು ಎಲ್ಲಿಂದ ಬಂತು ಎನ್ನುವುದು ರೈಲ್ವೆ ಗೇಟಿನ ಹತ್ತಿರ ಬಸ್ಸು ನಿಂತಾಗ ಹೊಳೆಯಿತು. ಆ ದಿನಗಳಲ್ಲಿ ಫಿಟ್ಟರ ಗಾಡಿ ಈ ಗೇಟಿಗೆ ಬರುವ ಹೊತ್ತು ನನಗೆ ಗೊತ್ತಿತ್ತು. ಗೆಳೆಯರು ಜೊತೆಯಲ್ಲಿದ್ದರೆ ನಾನು ಆಚೆ ಬದಿಯ ಸೋಡಾ ಅಂಗಡಿಯ ಮರೆಯಲ್ಲಿ ನಿಂತುಬಿಡುತ್ತಿದ್ದೆ. ಗೇಟಿನ ಹಿಂದೆ ಗಾಡಿ ನಿಂತಿರುತ್ತಿತ್ತು. ಹಿಂದೆ ಕೂತ ಅಪ್ಪನ ಕಾಲು ನೇಗಿಲಿನಂತೆ ಮುಂದಕ್ಕೆ ಚಾಚಿರುತ್ತಿತ್ತು. ಜನ ನೋಡಿ ನಗುತ್ತಿದ್ದರು, ಅಪ್ಪನೂ ಅವರ ಜೊತೆ ನಗುತ್ತಿದ್ದರು. ಎದುರಿಗೆ ನಿಂತು ನೋಡುವವನಿಗೆ ಎಡಗಾಲು ಬಲಕ್ಕೆ ಕಾಣುತ್ತದೆ. ಗಾಡಿಯ ಮೇಲೆ ಕೂತು ಆ ಕಾಲನ್ನು ಪಕ್ಕದಲ್ಲಿಟ್ಟುಕೊಂಡು ಹೋದವನಿಗೆ ಈ ತಪ್ಪು ಆಗುವುದು ಸಾಧ್ಯವೇ ಇಲ್ಲ. ಫಿಟ್ಟರು ಕೂತಿದ್ದ ಜಾಗದಲ್ಲಿ ಎಷ್ಟೋ ವರ್ಷ ನಾನು ನನ್ನನ್ನು ಕೂರಿಸಿಕೊಂಡಿದ್ದೆ. ಕಾಲಿನ ಕಡೆ ಬದಲಾಯಿಸುವುದು ಮರೆತಿದ್ದೆ.

ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಸಾರಿಗೆ ಒಗ್ಗರಣೆ ಹಾಕುತ್ತಾ, "ಹಾಗಾದ್ರೆ ಹನ್ನೊಂದನೇ ದಿನ ಹೇಳಿದ್ದು?" ಎಂದಳು. ಒಲೆ ಆರಿಸಿ, "ಗಾಡಿ ತಗೊಳ್ಳಿ, ಬಿಡಿ. ಯಾಕೆ ತಗೊಳ್ತೀನಿ ಅನ್ನೋದು ನಿಮಗಾದ್ರೂ ಗೊತ್ತಿರ್ಲಿ," ಎಂದಳು.

ಅದೇ ಕಷ್ಟವಾಗಿತ್ತು. ಗಾಡಿ ನನ್ನ ಮನೆಯ ಮುಂದೆ ನಿಂತರೆ ನನ್ನ ಸುಳ್ಳಿಗೆ ಕಬ್ಬಿಣದ ಸಾಕ್ಷಿ ಸಿಕ್ಕಂತೆ. ನೋಡಿದವರೆಲ್ಲ ರಾಡಿನ ಬಗ್ಗೆ ಕೇಳುತ್ತಾರೆ, ನಾನು ಬಾಯಿ ತೆರೆಯದಿದ್ದರೂ ಅವರೇ ಕಥೆ ಕಟ್ಟಿಕೊಳ್ಳುತ್ತಾರೆ: ಅಪ್ಪನ ನೆನಪನ್ನು ಕಾಪಾಡಿದ ಮಗ. ಕೊಳ್ಳದಿದ್ದರೆ ಐದು ನಿಮಿಷದಲ್ಲಿ ಕತ್ತರಿಸಿ ಬಿಸಾಡುತ್ತಾರೆ. ಒಬ್ಬ ಮನುಷ್ಯ ತನ್ನ ಕೈಯಾಳಿನ ಕಾಲಿಗಾಗಿ ಮಾಡಿದ ವಸ್ತು ಗುಜರಿಯಿಂದ ಬಂದದ್ದು ಗುಜರಿಗೇ ಹೋಗುತ್ತದೆ. ನನ್ನ ಮಾನಕ್ಕೆ ಯಾವುದು ಒಳ್ಳೆಯದು ಎಂದು ತೂಗುತ್ತಿದ್ದೇನೆ ಎನ್ನುವುದು ಅರಿವಾದಾಗ ಮತ್ತಷ್ಟು ಕುಗ್ಗಿದೆ. ಕೊನೆಗೆ ಮೆಕ್ಯಾನಿಕ್‌ಗೆ ಫೋನ್ ಮಾಡಿ, ತಗೊಳ್ಳುತ್ತೇನೆ, ರಾಡು ಹಾಗೆಯೇ ಇರಲಿ ಎಂದೆ.

ಮೂರನೆಯ ಭಾನುವಾರ ಆಕೆ ಆರ್‌ಸಿ ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಶೆಡ್ಡಿಗೆ ಬಂದರು. ಸಹಿಗಳಾದವು. ಆಮೇಲೆ, ಒಂದು ಸಲ ಸ್ಟಾರ್ಟ್ ಮಾಡಿ ಅಣ್ಣ, ನೋಡ್ತೀನಿ ಎಂದರು. ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದೆ. ರಾಡು ಬೆಸೆಯುವ ಮೊದಲೇ ಫಿಟ್ಟರು ಕಲಿಸಿದ್ದನ್ನು ಕೈಕಾಲು ಮರೆತಿರಲಿಲ್ಲ. ಇಡೀ ಭಾರ ಬಿಟ್ಟು ಒದ್ದೆ. ಮೊಣಕಾಲಿನ ಕೆಳಗಿನ ಎಲುಬು ನೇರವಾಗಿ ರಾಡಿಗೆ ಬಡಿದು ಕಣ್ಣು ಕತ್ತಲೆ ಬಂತು.

"ನಾನ್ ಯೋಳ್ಲಿಲ್ವಾ ಸಾರ್, ಅದನ್ನ ಕಟ್ ಮಾಡ್ಬೇಕು ಅಂತ," ಎಂದ ಮೆಕ್ಯಾನಿಕ್.

ಆಕೆ ಬಗ್ಗಿ, ರಾಡಿನ ಬುಡದಲ್ಲಿ ಹೆಬ್ಬೆರಳಿನಿಂದ ಒಂದು ಸಣ್ಣ ಪಿನ್ನು ಎಳೆದರು. ರಾಡು ಸಲೀಸಾಗಿ ಹಿಂದಕ್ಕೆ ಮಡಚಿಕೊಂಡು ಸೀಟಿಗೆ ಒರಗಿತು. ಕಿಕ್ಕರಿಗೆ ದಾರಿಯಾಯಿತು. ಸ್ಟಾರ್ಟ್ ಆದ ಮೇಲೆ ಮತ್ತೆ ಮುಂದಕ್ಕೆ ಬಿಡುವುದು, ಆಮೇಲೆ ಕಾಲಿಡುವುದು. ಫಿಟ್ಟರಿಗೆ ಬುದ್ಧಿಯಿತ್ತು. ಆ ಗಾಡಿಯನ್ನು ಒಂದೇ ಒಂದು ಸಲ ರಾಡಿನೊಂದಿಗೆ ಓಡಿಸಿದವನಿಗೂ ಆ ಪಿನ್ನು ಗೊತ್ತಿರುತ್ತಿತ್ತು. ಆಕೆ ನನ್ನ ಕಡೆ ನೋಡಲಿಲ್ಲ. ಅದು ಆಕೆಯ ದೊಡ್ಡತನ.

"ನಾನು ಹೇಳಿದ್ದೆಲ್ಲ ಸುಳ್ಳು ಕಣಮ್ಮ," ಎಂದೆ.

"ಗೊತ್ತಣ್ಣ," ಎಂದರು. "ಓಡ್ಸಿ. ನಿಂತ್ಕೊಂಡೇ ಇದ್ರೆ ತುಕ್ಕಿಡೀತದೆ."

ರಾಡನ್ನು ಮುಂದಕ್ಕೆ ಬಿಟ್ಟು ಹೊರಟೆ. ಕತ್ತರಿಸಿದ ಸೈಲೆನ್ಸರಿನ ಸದ್ದಿಗೆ ಬಜಾರಿನವರೆಲ್ಲ ತಿರುಗಿ ನೋಡಿದರು. ಎಡಗಡೆ ಖಾಲಿ ತೊಟ್ಟಿಲು ಗಡಗಡ ಅಲುಗುತ್ತಿತ್ತು. ರೈಲ್ವೆ ಗೇಟು ಹಾಕಿತ್ತು. ಪಕ್ಕದಲ್ಲಿ ಮೊಪೆಡ್ಡಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ನಿಂತಿದ್ದ ನಡುವಯಸ್ಸಿನವನೊಬ್ಬ ರಾಡನ್ನೇ ನೋಡುತ್ತಿದ್ದ. ಏನು ಸಾರ್ ಇದು ಎಂದು ಕೇಳಿದ. ನಮ್ಮಪ್ಪನ ಕಾಲು ಮಡಚುತ್ತಿರಲಿಲ್ಲ, ಕಾಲಿಡುವುದಕ್ಕೆ ಮಾಡಿಸಿದ್ದು ಎಂದೆ.

"ಓ. ಅಪ್ಪನ್ನ ಇಂದೆ ಕೂರುಸ್ಕೊಂಡು ಓಡಾಡ್ತಿದ್ರಾ?"

ಬಾಯಿ ತೆರೆಯುವ ಮೊದಲೇ ನನ್ನ ತಲೆ ಹೌದೆಂದು ಆಡಿತು. ಅಷ್ಟು ವರ್ಷದ ಅಭ್ಯಾಸ. ಅವನು ಮೆಚ್ಚುಗೆಯಿಂದ ನೋಡಿದ. ಗೇಟು ಎದ್ದಿತು, ಅವನು ಹೊರಟ. ಇಲ್ಲ ಎಂದು ಕೂಗಬೇಕೆಂದು ಗಾಬರಿಯಲ್ಲಿ ಕ್ಲಚ್ಚು ಬಿಟ್ಟೆ. ಹಳಿಯ ಮೇಲೆಯೇ ಇಂಜಿನ್ ನಿಂತುಹೋಯಿತು. ಹಿಂದಿನಿಂದ ಹಾರ್ನುಗಳು. ಬೆರಳಿಗೆ ಪಿನ್ನು ಸಿಗಲಿಲ್ಲ. ಮುಂದೆ ಹೋಗಿದ್ದವನು ತಿರುಗಿ ನೋಡಿ, ಮೊಪೆಡ್ ನಿಲ್ಲಿಸಿ, ತಳ್ಳಲು ಓಡಿ ಬಂದ.

"ನಾನು ಓಡಿಸ್ಲಿಲ್ಲಪ್ಪ," ಎಂದೆ ಅವನಿಗೆ. "ನಮ್ಮಪ್ಪನನ್ನ ಕೂರಿಸ್ಕೊಂಡು ಓಡಿಸಿದ್ದು ನಾನಲ್ಲ, ಬೇರೆಯವರು. ನಂಗೆ ಓಡಿಸೋಕೆ ಬರಲ್ಲ ಅಂದುಬಿಟ್ಟೆ."

"ಯಾರ್ ಓಡ್ಸಿದ್ರೇನ್ ಸಾರ್," ಎಂದು ಅವನು ಹಿಂದಿನಿಂದ ತಳ್ಳುತ್ತಾ ಹೇಳಿದ, "ಮೊದ್ಲು ಹಳಿ ಬಿಟ್ಟು ಆಚೆಗ್ ತಗೊಳ್ಳಿ."

ಆಚೆ ಬದಿಯಲ್ಲಿ, ಹಿಂದೆ ಸೋಡಾ ಅಂಗಡಿ ಇದ್ದ ಜಾಗದಲ್ಲಿ, ಗಾಡಿ ನಿಲ್ಲಿಸಿದೆ. ಅವನು ಕೈ ಒರೆಸಿಕೊಂಡು ಹೋದ. ನಾನು ಮಂಡಿಯೂರಿ ಕೂತು, ರಾಡಿನ ಬುಡದಲ್ಲಿ ಪಿನ್ನನ್ನು ಹುಡುಕತೊಡಗಿದೆ.